ಢೋಕ್ಲಾ ಇಟ್ಟಿಗೆಯ ಪ್ರಕರಣ

ಏಪ್ರಿಲ್ ಹನ್ನೊಂದು, ಮಂಗಳವಾರ. ಸಂಜೆ ನಾಲ್ಕೂವರೆ ಗಂಟೆಗೆ ಭುಜ್ ಕಡೆಯ ಖಾರಡಿಯಾ ಠಾಣೆಯ ಮೆಟ್ಟಿಲು ಹತ್ತಿ ಬಂದ ಗುತ್ತಿಗೆದಾರ ಅರ್ಜಣ್ ಛಾಂಗಾ, ಕೂರಿ ಅಂದರೂ ಕೂರಲಿಲ್ಲ. ಅಂಗಿಯ ತೋಳಿಗೆಲ್ಲ ಸಿಮೆಂಟು ಮೆತ್ತಿತ್ತು.

"ಎಫ್‌ಐಆರ್ ಹಾಕಿ ಸಾಹೇಬ್ರೆ. ನನ್ನ ಗೋಡೆ ಕೆಡವಿದಾರೆ."

ಇನ್‌ಸ್ಪೆಕ್ಟರ್ ನಾರಾಣ್ ಗಢವಿ ಪೆನ್ನಿನ ಮುಚ್ಚಳ ತೆಗೆದ.

"ಯಾವ ಗೋಡೆ?"

"ಕನ್ಯಾ ಶಾಲೆಯ ಮೇಲ್ಮಹಡಿದು. ರಸ್ತೆ ಕಡೆ ಗೋಡೆ. ಊರಿಗೆ ಊರೇ ನಿಂತು ನೋಡ್ತಿದೆ."

"ಯಾವಾಗ?"

"ಒಂದು ಗಂಟೆಗೆ ಊಟಕ್ಕೆ ಬಿಟ್ವಿ. ನಾಲ್ಕಕ್ಕೆ ವಾಪಸ್ ಬಂದು ನೋಡಿದ್ರೆ ಇಟ್ಟಿಗೆ ಎಲ್ಲ ಕೆಳಗೆ ಬಿದ್ದಿವೆ. ಹಾರೆ ಹಾಕಿ ಮೀಟಿದ ಗುರುತು ಇದೆ. ಇದು ಮೂರನೇ ಸಲ!"

ಗಢವಿಯ ಪೆನ್ನು ನಿಂತಿತು. "ಮೊದಲ ಎರಡು ಸಲ ಯಾಕೆ ದೂರು ಕೊಡಲಿಲ್ಲ?"

"ಅವು ಹಿಂದುಗಡೆ ಗೋಡೆ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮತ್ತೆ ಕಟ್ಟಿಸಿದೆ."

ಈ ಮಾತು ಗಢವಿಗೆ ಗಂಟಲಲ್ಲಿ ಇಳಿಯಲಿಲ್ಲ. ಮಸೀದಿ ಬಾಗಿಲಲ್ಲೋ ದೇವಸ್ಥಾನದ ಬಾಗಿಲಲ್ಲೋ ಚಪ್ಪಲಿ ಕಳೆದರೂ ಠಾಣೆಗೆ ಓಡಿಬರುವ ಊರು ಇದು. ಅಂಥದ್ದರಲ್ಲಿ ಗೋಡೆ ಬಿದ್ದರೂ ಬಾಯಿ ಹೊಲಿದುಕೊಂಡು ಕೂತವನು ಈಗ ಇದ್ದಕ್ಕಿದ್ದಂತೆ ಕೂಗಾಡುತ್ತಿದ್ದಾನೆ. ಆದರೂ ಸರಕಾರಿ ಕಟ್ಟಡಕ್ಕೆ ಹಾನಿ ಅಂತ ಅಪರಿಚಿತರ ಮೇಲೆ ಪ್ರಕರಣ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಸುಮಾರ್ ಜತ್‌ನನ್ನು ಕರೆದುಕೊಂಡು ಹೊರಟ.

"ಯಾರ ಮೇಲಾದ್ರೂ ಅನುಮಾನ?" ಜೀಪಿನಲ್ಲಿ ಕೇಳಿದ.

"ವಾಲ್ಜಿ ಮೇಲೆ. ಈ ಗುತ್ತಿಗೆ ಅವನ ಕೈತಪ್ಪಿ ನನಗೆ ಬಂತು. ಅವತ್ತಿಂದ ಹೊಟ್ಟೆಕಿಚ್ಚು."

ಸ್ಥಳ ಪಂಚನಾಮೆ ಐದೂಕಾಲಕ್ಕೆ ಶುರುವಾಯಿತು. ಪಂಚರಾಗಿ ಚಹಾ ಅಂಗಡಿಯವನನ್ನೂ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬನನ್ನೂ ಹಿಡಿದು ತಂದರು. ಹಳೆಯ ಒಂದೇ ಅಂತಸ್ತಿನ ಶಾಲೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತಿತ್ತು. ಕೆಳಗೆ ತರಗತಿಗಳು ದಿನಾ ಬೆಳಿಗ್ಗೆ ಎಂದಿನಂತೆ ನಡೆಯುತ್ತಿದ್ದವು. ಏಪ್ರಿಲ್ ಬಿಸಿಲಿಗೆ ಬೆಳಗಿನ ಶಾಲೆ, ಹನ್ನೊಂದೂವರೆಗೆ ಹುಡುಗಿಯರೆಲ್ಲ ಮನೆಗೆ ಹೋಗಿರುತ್ತಿದ್ದರು.

ಬಿದ್ದ ಇಟ್ಟಿಗೆಯೊಂದನ್ನು ಎತ್ತಲು ಹೋದ ಸುಮಾರ್, "ಯಾ ಅಲ್ಲಾಹ್!" ಅಂತ ಸೊಂಟ ಹಿಡಿದುಕೊಂಡ. "ಸಾಹೇಬ್ರೆ, ಇದು ಇಟ್ಟಿಗೆನೋ ನಮ್ಮ ಮಾವನ ಮನೆ ಎಮ್ಮೆನೋ?"

ಗಢವಿ ಗೋಡೆಯ ಬುಡ ನೋಡಿದ. ಕೆಳಗಿನ ಎರಡು ಸಾಲು ಬಿಳಿಬಿಳಿ, ಮೈತುಂಬ ಸಣ್ಣ ಸಣ್ಣ ತೂತು. ಅದರ ಮೇಲಿನದೆಲ್ಲ ಬೂದು ಬಣ್ಣದ ಗಟ್ಟಿ ಸಿಮೆಂಟು ಇಟ್ಟಿಗೆ.

"ಎರಡು ಥರ ಯಾಕೆ?"

"ಸಿಕ್ಕಿದ್ದು ಹಾಕಿದ್ದೀವಿ. ಇಟ್ಟಿಗೆ ಇಟ್ಟಿಗೆನೇ ಅಲ್ವಾ?" ಅರ್ಜಣ್ ಬೇರೆ ಕಡೆ ನೋಡಿದ. "ನೀವು ಕೆಡವಿದವನನ್ನ ಹುಡುಕಿ ಸಾಹೇಬ್ರೆ. ಇಟ್ಟಿಗೆ ಯಾಕೆ ಮುಟ್ತೀರಿ?"

ಕೆಳಗೆ ಗೋಡೆಗೆ ನೀರುಣಿಸಲು ಕಟ್ಟಿದ್ದ ತೊಟ್ಟಿಯ ಹತ್ತಿರ ಸುಮಾರ್ ಕೂಗಿದ. "ಇಲ್ಲಿ ಬನ್ನಿ! ರಾಮಸೇತುವೆ ಕಲ್ಲು ಸಿಕ್ತು!"

ತೊಟ್ಟಿಯ ತಳದಲ್ಲಿ ಒಂದು ಬೂದು ಇಟ್ಟಿಗೆ ಮುಳುಗಿ ಕೂತಿತ್ತು. ನೀರಿನ ಮೇಲೆ ಬಿಳಿ ಇಟ್ಟಿಗೆಯ ಅರ್ಧ ತುಂಡೊಂದು ಆರಾಮಾಗಿ ತೇಲುತ್ತಿತ್ತು. ಗಢವಿ ಅದನ್ನು ಎತ್ತಿ ತಿರುಗಿಸಿದ. ಒಂದು ಬದಿ ಗರಗಸದಿಂದ ಕೊಯ್ದದ್ದು. ಕೊಯ್ತ ನಡುವೆ ಸೊಟ್ಟಗೆ ತಿರುಗಿತ್ತು. ಇನ್ನೊಂದು ಬದಿ ಸವೆದು ನುಣ್ಣಗಾಗಿತ್ತು. ಸುಮಾರ್ ಮೂಸಿ ನೋಡಿ ಹೇಳಿದ: "ಸೋಪಿನ ವಾಸನೆ. ಯಾರೋ ಹಿಮ್ಮಡಿ ಉಜ್ಜಿದಾರೆ."

ಪಂಚರ ಎದುರು ಎರಡನ್ನೂ ಮತ್ತೆ ನೀರಿಗೆ ಹಾಕಿ ನೋಡಿ ಜಪ್ತಿ ಮಾಡಿದರು. ಅರ್ಜಣ್ ಕಣ್ಣು ಆ ಅರ್ಧ ತುಂಡಿನಿಂದ ಕೀಳಲೇ ಇಲ್ಲ.

ಕಾವಲುಗಾರ ಲಾಖಾನನ್ನು ಕೇಳಿದರೆ, "ನಾನು ಮಲಗಿದ್ದೆ" ಅಂದ, ನಾಚಿಕೆ ಇಲ್ಲದೆ.

"ಕಾವಲುಗಾರ ಮಲಗೋದಾ?"

"ಮಧ್ಯಾಹ್ನ ಅಲ್ವಾ ಸಾಹೇಬ್ರೆ!" ಲಾಖಾ ಸುಮಾರ್ ಮುಖ ನೋಡಿದ. ಸುಮಾರ್ ಅವನ ಪರವಾಗಿ ತಲೆಯಾಡಿಸಿದ. ರಾಜ್‌ಕೋಟ್‌ನಿಂದ ವರ್ಗವಾಗಿ ಬಂದು ವರ್ಷವಾದರೂ ಗಢವಿಗೆ ಈ ಮಧ್ಯಾಹ್ನದ ನಿದ್ದೆ ಅರ್ಥವಾಗಿರಲಿಲ್ಲ. ಒಂದರಿಂದ ನಾಲ್ಕರವರೆಗೆ ಅಂಗಡಿ ಬಾಗಿಲು ಹಾಕಿರುತ್ತದೆ, ನಾಯಿ ಕೂಡ ಬೊಗಳುವುದಿಲ್ಲ. ಈ ಊರಲ್ಲಿ ಕಳ್ಳತನ ಮಾಡುವವನು ರಾತ್ರಿ ನಿದ್ದೆಗೆಡಬೇಕಿಲ್ಲ.

"ಆ ಹೊತ್ತಲ್ಲಿ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ."

ವಾಲ್ಜಿ ತನ್ನ ಮನೆಯ ಜಗಲಿಯ ಮೇಲೆ ಸಿಕ್ಕಿದ. ಪ್ರಶ್ನೆ ಮುಗಿಯುವ ಮೊದಲೇ ನಗತೊಡಗಿದ.

"ನಾನು ಗೋಡೆ ಕೆಡವೋದಾ? ಅವನ ಮಾನ ಕೆಡವಿ ಆಗಿದೆಯಲ್ಲ, ಗೋಡೆ ಯಾಕೆ?"

"ಅಂದ್ರೆ?"

"ಸೂರತ್‌ನಿಂದ ಲಾರಿ ತುಂಬ ಬಿಳಿ ಇಟ್ಟಿಗೆ ತರಿಸಿದ್ದ. ಸಿಮೆಂಟು, ಸುಣ್ಣ, ಬೂದಿ ಕಲಸಿ, ಅದೇನೋ ಪುಡಿ ಹಾಕಿ ಹಿಟ್ಟಿನಂಗೆ ಉಬ್ಬಿಸ್ತಾರಂತೆ. ಹೆಂಗಸರು ಎರಡೆರಡು ತಲೆ ಮೇಲೆ ಹೊತ್ಕೊಂಡು ನಗ್ತಾ ಮೇಲೆ ಹೋಗೋರು. ಹಬೆಯಲ್ಲಿ ಬೆಂದ ಢೋಕ್ಲಾ ಥರಾನೇ ಮೈತುಂಬ ತೂತು, ನಾನೇ ಹೆಸರಿಟ್ಟೆ, ಢೋಕ್ಲಾ ಇಟ್ಟಿಗೆ ಅಂತ! ಊರೆಲ್ಲ ಅದನ್ನೇ ಹಿಡ್ಕೊಳ್ತು. ಅರ್ಜಣ್ ಚೌಕಕ್ಕೆ ಬಂದ್ರೆ ಸಾಕು, 'ಅರ್ಜಣ್ ಭಾಯ್, ಶಾಲೆಗೆ ಚಟ್ನಿ ಯಾವಾಗ ಹಾಕ್ತೀಯಾ?' ಅಂತ ಕೇಳೋರು. ಸರ್‌ಪಂಚ್ ಕೂಡ, ಹೆಣ್ಣುಮಕ್ಕಳ ಶಾಲೆಗೆ ಕೋಟೆ ಥರ ಗಟ್ಟಿ ಕಲ್ಲು ಹಾಕು, ಈ ತಿಂಡಿ ಎಲ್ಲ ಬೇಡ ಅಂದ್ರು. ಎರಡನೇ ಲಾರಿ ಬರೋದು ತಡ ಆಯ್ತು ನೋಡಿ, ಆಮೇಲೆ ಢೋಕ್ಲಾ ಮಾಯ."

"ನೀನು ಮಧ್ಯಾಹ್ನ ಎಲ್ಲಿದ್ದೆ?"

"ಎಲ್ಲಿ ಇರ್ತೀನಿ? ಮಲಗಿದ್ದೆ!"

ರಾತ್ರಿ ಊಟದ ಹೊತ್ತಿಗೂ ಗಢವಿಯ ತಲೆಯಲ್ಲಿ ಇದೇ ಕೊರೆಯಿತು. ಯಾರೂ ಬಂದಿಲ್ಲ ಅಂತ ಲಾಖಾ ಹೇಳಿದ್ದ. ಬೆಳಿಗ್ಗೆ ಎದ್ದವನೇ ಶಾಲೆಗೆ ಹೋಗಿ ಲಾಖಾನನ್ನು ಕರೆಸಿ ಬೇರೆ ಥರ ಕೇಳಿದ.

"ಅರ್ಜಣ್‌ಗೆ ಊಟ ಎಲ್ಲಿಂದ ಬರುತ್ತೆ?"

"ಮನೆಯಿಂದ. ಕಂಕುಮಾ ತರ್ತಾರೆ, ಅವರ ತಾಯಿ. ಸಜ್ಜೆ ರೊಟ್ಲೊ, ಮಜ್ಜಿಗೆ."

"ನಿನ್ನೆ?"

"ತಂದಿದ್ರು. ಮಗನಿಗೆ ಬಡಿಸಿ, ಪಾತ್ರೆ ತೊಳೀತಾ ಕೂತಿದ್ರು. ಅರ್ಜಣ್ ಭಾಯ್ ಮಲಗೋಕೆ ಮನೆಗೆ ಹೋದ್ರು."

"ಯಾರೂ ಬಂದಿಲ್ಲ ಅಂದೆಯಲ್ಲೋ!"

"ಕಂಕುಮಾ ಯಾರೋ ಆಗ್ತಾರಾ ಸಾಹೇಬ್ರೆ? ಅವರು ಮನೆಯವರಲ್ವಾ?"

ಅಷ್ಟರಲ್ಲಿ ತಾಲೂಕಿನಿಂದ ಎಂಜಿನಿಯರ್ ಅಂತಾಣಿ ಬಂದ. ಮೊದಲ ಲಾರಿ ಇಳಿದಾಗ ಬಂದು ಸಹಿ ಹಾಕಿ ಹೋದವನು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಗೋಡೆ ಮುಟ್ಟಿ ನೋಡಿದವನೇ ಕೈ ಹಿಂದೆ ಎಳೆದುಕೊಂಡ.

"ಕೆಳಗಿನ ಕಂಬಗಳು ಒಂದೇ ಅಂತಸ್ತಿಗೆ ಹಾಕಿದ್ದು ಸರ್. ಮೇಲೆ ಹಗುರ ಇಟ್ಟಿಗೆ ಆದ್ರೆ ಮಾತ್ರ ಕಟ್ಟಬಹುದು ಅಂತ ನಕ್ಷೆಯಲ್ಲೇ ಇದೆ. ಇದು ಅದರ ಮೂರು ಪಟ್ಟು ತೂಕ. ನೆಲ ನಡುಗಿತು ಅಂತಿಟ್ಕೊಳ್ಳಿ, ಮೇಲೆ ಎಷ್ಟು ಭಾರ ಇರುತ್ತೋ ಅಷ್ಟು ಜೋರಾಗಿ ಕಂಬಗಳನ್ನ ಆ ಕಡೆ ಈ ಕಡೆ ಜಗ್ಗುತ್ತೆ."

ಕೆಳಗಿನ ತರಗತಿಯಲ್ಲಿ ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ಗಢವಿ ಅಂತಾಣಿಯನ್ನು ಬಿಟ್ಟು ನೇರ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದ. ಹತ್ತು ನಿಮಿಷದಲ್ಲಿ ಮಕ್ಕಳೆಲ್ಲ ಅಂಗಳದಾಚೆಯ ಬೇವಿನ ಮರಗಳ ಕೆಳಗೆ ಕೂತಿದ್ದರು. ನಿಲ್ಲಿಸಿದಲ್ಲಿಂದಲೇ ಮಗ್ಗಿ ಮುಂದುವರಿಯಿತು.

ಹತ್ತು ಗಂಟೆಗೆ ಗಢವಿ, ಸುಮಾರ್, ಮಹಿಳಾ ಕಾನ್‌ಸ್ಟೆಬಲ್ ಲಖ್ಮಿ ಮೂವರೂ ಅರ್ಜಣ್‌ನ ಮನೆ ತಲುಪಿದರು. ಹೊಸ ಎರಡಂತಸ್ತಿನ ಮನೆ. ಅದರ ಪಕ್ಕದಲ್ಲೇ ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ದುಂಡು ಗುಡಿಸಲು. ಅದರ ಮುಂದೆ ಹಗ್ಗದ ಮಂಚ. ಕಂಕುಮಾ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಬನ್ನಿ, ಒಳಗೆ ತಂಪಿದೆ. ನನ್ನ ಮಗ ಕಟ್ಟಿಸಿದ ಮನೆ" ಅಂದಳು. ತಾನು ಮಾತ್ರ ಏಳಲಿಲ್ಲ.

ನಿಜಕ್ಕೂ ತಂಪಿತ್ತು. ಹೊರಗೆ ಬಿಸಿಲು ಬೆಂಕಿ ಕಾರುತ್ತಿದ್ದರೂ ಗೋಡೆಯ ಮೇಲೆ ಕೈಯಿಟ್ಟರೆ ಬೆಚ್ಚಗೂ ಇರಲಿಲ್ಲ. ಗಿಲಾವು ಮಾಡದೆ ಬಿಟ್ಟಿದ್ದ ಮೆಟ್ಟಿಲ ಕೆಳಗೆ ಗಢವಿ ಇಣುಕಿದ. ಬಿಳಿಬಿಳಿ, ಮೈತುಂಬ ತೂತು. ಮನೆ ಪೂರ್ತಿ ಢೋಕ್ಲಾ ಇಟ್ಟಿಗೆಯದೇ!

ನೀರಿನ ಮಡಕೆ ಇಡುವ ಕಟ್ಟೆಯ ಮೇಲೆ ದೊಡ್ಡ ಹಂಡೆಯ ಕೆಳಗೆ ಅಂಥದೇ ಅರ್ಧ ತುಂಡೊಂದಿತ್ತು. ಸುಮಾರ್ ಹಂಡೆ ಇಳಿಸಿದ. ತೊಟ್ಟಿಯಲ್ಲಿ ಸಿಕ್ಕ ತುಂಡನ್ನು ಅದರ ಪಕ್ಕ ಇಟ್ಟರೆ, ಗರಗಸದ ಸೊಟ್ಟ ಕೊಯ್ತಕ್ಕೆ ಕೊಯ್ತ ಸರಿಯಾಗಿ ಕೂತಿತು.

"ತಡ ಮಾಡಿದ್ರಿ" ಅಂದಳು ಕಂಕುಮಾ, ಹೊರಗಿನಿಂದಲೇ. "ನಿನ್ನೆ ಸಂಜೆನೇ ಬರ್ತೀರಿ ಅಂತ ಚಹಾಕ್ಕೆ ಹಾಲು ಎತ್ತಿಟ್ಟಿದ್ದೆ."

"ಈ ತುಂಡು ನಿಮ್ದಾ?"

"ನಂದೇ. ಈ ಮನೆಗೆ ಅಂತ ಮೊದಲನೇ ಸಲ ಆ ಇಟ್ಟಿಗೆ ತಂದಾಗ ನನ್ನ ಮಗ ಇಲ್ಲೇ ಕೂತು, ಬಡಗಿ ಗರಗಸದಲ್ಲಿ ಕೊಯ್ದು ತೋರಿಸಿದ. ಎಮ್ಮೆ ತೊಟ್ಟಿಗೆ ಹಾಕಿ, ನೋಡು ಮಾ, ತೇಲುತ್ತೆ ಅಂದ. ಆ ದಿನ ನಾನು ಊರಿಗೆಲ್ಲ ಬೆಲ್ಲ ಹಂಚಿದ್ದೆ ಸಾಹೇಬ್ರೆ."

"ಗೋಡೆ ಕೆಡವಿದ್ದು ಯಾರು?"

"ನಾನು. ಬರ್ಕೊಳ್ಳಿ. ಕಂಕುಬೆನ್ ವೇಲಾ ಛಾಂಗಾ. ಮತ್ತೆ ಕಟ್ಟಿದ್ರೆ ಮತ್ತೆ ಕೆಡವ್ತೀನಿ. ಅದನ್ನೂ ಬರ್ಕೊಳ್ಳಿ!"

"ಒಬ್ರೇನಾ?"

"ಯಾಕೆ, ಮುದುಕಿ ಅಂತಲಾ? ನಿನ್ನೆ ಮೊನ್ನೆ ಕಟ್ಟಿದ ಗೋಡೆ, ಗಾರೆ ಇನ್ನೂ ಹಸಿ. ಆಯುಷ್ಯವೆಲ್ಲ ಬಾವಿ ನೀರು ಸೇದಿದ ತೋಳು ಇದು. ಒಂದು ಸಾಲು ಸಡಿಲ ಆದ್ರೆ ಉಳಿದದ್ದು ತಾನೇ ಬೀಳುತ್ತೆ. ಮಕ್ಕಳು ಮನೆಗೆ ಹೋದ ಮೇಲೇ ಕೈ ಹಾಕ್ತಿದ್ದೆ."

ಅರ್ಜಣ್ ಗೇಟಿನ ಹತ್ತಿರ ನಿಂತಿದ್ದ. ಯಾವಾಗ ಬಂದನೋ ಯಾರೂ ನೋಡಿರಲಿಲ್ಲ.

"ಮಾ, ಸುಮ್ಮನಿರು. ಸಾಹೇಬ್ರೆ, ದೂರು ವಾಪಸ್ ತಗೊಳ್ತೀನಿ. ಮನೆ ವಿಷಯ ಇದು."

"ಮನೆ ವಿಷಯ!" ಕಂಕುಮಾ ಎದ್ದು ನಿಂತಳು. ಅವರೆಕಾಯಿ ಚೆಲ್ಲಾಪಿಲ್ಲಿಯಾಯಿತು. "ಸರ್‌ಪಂಚ್ ಹತ್ರ ಹೋದೆ, ಅವರೂ ಇದನ್ನೇ ಅಂದ್ರು. ತಾಲೂಕು ಆಫೀಸಿಗೆ ಹೋದೆ, ಮನೆ ಜಗಳ ಮನೇಲೇ ಮುಗಿಸ್ಕೊಳ್ಳಿ ಅಂತ ಕಳಿಸಿದ್ರು. ಎರಡು ಸಲ ಹಿಂದುಗಡೆ ಕೆಡವಿದೆ, ನೀನು ಮುಚ್ಚಿಹಾಕಿದೆ. ಅದಕ್ಕೇ ಈ ಸಲ ರಸ್ತೆ ಕಡೆದು ಕೆಡವಿದೆ. ಊರೆಲ್ಲ ನೋಡಿದ್ರೆ ನೀನು ಠಾಣೆಗೆ ಹೋಗಲೇಬೇಕು. ನೀನು ಹೋದ್ರೆ ಪೊಲೀಸರು ಬರಲೇಬೇಕು. ಬಂದ್ರೆ ಪಂಚನಾಮೆ ಬರೀಲೇಬೇಕು. ಆ ತೊಟ್ಟಿಗೆ ಎರಡೂ ಇಟ್ಟಿಗೆ ಹಾಕಿಟ್ಟಿದ್ದು ಯಾಕೆ ಅಂದ್ಕೊಂಡೆ?"

"ಜನ ನಕ್ಕರು ಮಾ! ದಿನಾ ನಕ್ಕರು. ಭಾರ ಇದ್ರೆ ಗಟ್ಟಿ ಅಂತ ಎಲ್ಲರೂ..."

"ಹಾಗಾದ್ರೆ ನಿನ್ನ ಮನೆಗೆ ಯಾಕೆ ಹಗುರದ್ದು ಹಾಕಿದೆ? ನಿನ್ನ ಮಗಳನ್ನ ಯಾಕೆ ಭುಜ್‌ಗೆ ಓದೋಕೆ ಕಳಿಸಿದೆ? ಹೇಳೋ!"

ಅರ್ಜಣ್ ಬಗ್ಗಿ ಚೆಲ್ಲಿದ ಅವರೆಕಾಯಿ ಆರಿಸತೊಡಗಿದ.

ಗಢವಿ ನಿಧಾನವಾಗಿ ಹೇಳಿದ: "ಕಂಕುಮಾ, ಗೋಡೆ ಸರಕಾರದ್ದು. ನಿಮ್ಮನ್ನ ಬಂಧಿಸಲೇಬೇಕಾಗುತ್ತೆ."

"ನಾನೇನು ಬೇಡ ಅಂದ್ನಾ? ನಡೀರಿ. ಆದ್ರೆ ಇನ್ನೊಂದು ಎಫ್‌ಐಆರ್ ಬರೀಬೇಕು. ಮಕ್ಕಳ ತಲೆ ಮೇಲೆ ಸುಳ್ಳು ಗೋಡೆ ಕಟ್ಟಿದವನ ಮೇಲೆ. ದೂರು ಕೊಡೋಳು ನಾನೇ."

"ಅವರು ನಿಮ್ಮ ಮಗ."

"ನನಗೆ ಗೊತ್ತಿಲ್ವಾ?" ಅವಳ ದನಿ ಮೊದಲ ಸಲ ಒಡೆಯಿತು. ಒಡೆದದ್ದಕ್ಕೆ ಅವಳಿಗೇ ಸಿಟ್ಟು ಬಂದು, ಸೆರಗಿನಿಂದ ಮುಖ ಬಿರುಸಾಗಿ ಒರೆಸಿಕೊಂಡಳು.

ಹನ್ನೊಂದು ಇಪ್ಪತ್ತಕ್ಕೆ ಲಖ್ಮಿ ಅವಳನ್ನು ಬಂಧಿಸಿದಳು. ಠಾಣೆಗೆ ಬಂದ ಮೇಲೂ ಕಂಕುಮಾ ಒಳಗೆ ಕಾಲಿಡಲು ಒಪ್ಪಲಿಲ್ಲ. ಹೊರಗೆ ಮರದ ಕೆಳಗಿನ ಬೆಂಚಿನ ಮೇಲೆ ಕೂತಳು. ಮೇಜನ್ನೇ ಅಲ್ಲಿಗೆ ಹೊತ್ತು ತಂದರು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ. ಕಾಗದ ಮುಂದಿಟ್ಟರೆ ಕೈ ಕಟ್ಟಿ ಕೂತಳು.

"ಆ ಗೋಡೆ ಇಳಿಯೋವರೆಗೂ ಸಹಿ ಹಾಕಲ್ಲ. ಮೊದಲು ಪಂಚನಾಮೆ ಓದಿ."

ಗಢವಿ ಓದಿದ. ಬೂದು ಇಟ್ಟಿಗೆಯನ್ನು ಪಂಚರ ಸಮಕ್ಷಮ ನೀರಿಗೆ ಹಾಕಲಾಗಿ ಕೂಡಲೇ ಮುಳುಗಿತು, ಬಿಳಿ ತುಂಡು ತೇಲಿತು, ಎಂಬಲ್ಲಿಗೆ ಬಂದಾಗ ಅವಳು ಕೈ ಎತ್ತಿದಳು.

"ಅದನ್ನ ಇನ್ನೊಂದು ಸಲ ಓದಿ."

ಒಂದು ಗಂಟೆಗೆ ಊರು ಬಾಗಿಲು ಹಾಕಿಕೊಂಡು ಮಲಗಿತು. ಸುಮಾರ್ ಕೂಡ ಕೂತಲ್ಲೇ ತೂಕಡಿಸಿದ. ಒಂದೂವರೆ ಹೊತ್ತಿಗೆ ಶಾಲೆಯ ಕಡೆಯಿಂದ ಸದ್ದು ಕೇಳತೊಡಗಿತು. ಧಡ್. ಸ್ವಲ್ಪ ಬಿಟ್ಟು ಮತ್ತೆ ಧಡ್. ಗೋಡೆ ಇಳಿಸಲು ಅಂತಾಣಿ ಬರೆದುಕೊಟ್ಟ ಆದೇಶ ಅರ್ಜಣ್‌ನ ಕೈಸೇರಿತ್ತು. ಆ ಹೊತ್ತಲ್ಲಿ ಕೂಲಿಯವರು ಯಾರೂ ಸಿಗುವುದಿಲ್ಲ. ತನ್ನ ಮೇಲೆ ಎರಡನೇ ಎಫ್‌ಐಆರ್ ದಾಖಲಾಗಿದೆ ಅಂತ ತಿಳಿದೂ ಅವನು ಒಬ್ಬನೇ ಹಾರೆ ಹಿಡಿದು ಮೇಲೆ ಹತ್ತಿದ್ದ.

ಕಂಕುಮಾ ಬಹಳ ಹೊತ್ತು ಕಿವಿಗೊಟ್ಟು ಕೇಳಿದಳು. "ಎಲ್ಲಿ ಸಹಿ ಹಾಕಬೇಕು?" ಅಂದಳು ಕೊನೆಗೆ.

ಅವಳ ಹೇಳಿಕೆಯ ಕೊನೆಯ ಪುಟವನ್ನು ಗಢವಿ ಆ ಮಧ್ಯಾಹ್ನವೇ ಬರೆದುಕೊಂಡ. 2001ರ ಜನವರಿ ಭೂಕಂಪಕ್ಕೆ ಮುಂಚಿನ ವರ್ಷ ಅವಳ ಗಂಡ ವೇಲಾ ಮನೆಯ ಮೇಲೆ ಕಲ್ಲಿನ ಅಂತಸ್ತು ಕಟ್ಟಿದ್ದ. ಕೋಟೆ ಥರ ಇದೆ ಅಂತ ಊರು ಹೊಗಳಿತ್ತು. ಭೂಕಂಪವಾದ ಬೆಳಿಗ್ಗೆ ಗಣರಾಜ್ಯೋತ್ಸವದ ಧ್ವಜ ಹಾರಿಸಲು ಶಾಲೆಗೆ ಹೊರಟಿದ್ದ ಎಂಟು ವರ್ಷದ ಮಗಳು ಹಂಸಾ, ಜಡೆಗೆ ರಿಬ್ಬನ್ ಕಟ್ಟಿಸಿಕೊಂಡು ಬಾಗಿಲಲ್ಲಿದ್ದಳು. ಮೇಲಿನ ಕಲ್ಲೆಲ್ಲ ಕುಸಿದು ಗಂಡ ಆ ಕ್ಷಣವೇ ಸತ್ತ. ಮಗಳು ಮಧ್ಯಾಹ್ನದವರೆಗೂ ಕಲ್ಲಿನ ಸಂದಿಯಿಂದ ಅಣ್ಣನ ಜೊತೆ ಮಾತಾಡುತ್ತಿದ್ದಳು. ಅಣ್ಣ ಉಗುರು ಕಿತ್ತುಹೋಗುವವರೆಗೂ ಕಲ್ಲು ಜಗ್ಗುತ್ತಿದ್ದ. ಅಂದಿನಿಂದ ಕಂಕುಮಾ ಸೂರಿನ ಕೆಳಗೆ ಮಲಗಿಲ್ಲ.

ಹೇಳಿಕೆಯ ಕೊನೆಯ ಸಾಲನ್ನು ಅವಳು ಹೇಳಿದ ಹಾಗೆಯೇ ಬರೆಯಿಸಿದಳು. "ಆ ದಿನ ಅದು ಹಗುರ ಇಟ್ಟಿಗೆ ಆಗಿದ್ದಿದ್ರೆ ಅರ್ಜಣ್ ಎತ್ತಿಬಿಡ್ತಿದ್ದ. ಅವನಿಗಿನ್ನೂ ಹದಿನಾಲ್ಕು ವರ್ಷ."