ಗೂಟಕ್ಕೆ ತೂಗಿದ ನಿಲುವಂಗಿ

ಈ ಕತೆಯನ್ನು ಮೊದಲು ಹೇಳಿದವನು ಹಳೆಯ ಮಸೀದಿಯ ದೊಡ್ಡ ಬಾಗಿಲಲ್ಲಿ ಪಾದರಕ್ಷೆ ಕಾಯುವ ಮುದುಕ. ಗುಮ್ಮಟದ ದುರಸ್ತಿ ಮುಗಿದು, ಮರದ ಅಟ್ಟಣೆಗಳನ್ನು ಬಿಚ್ಚಿ ಒಯ್ದ ವರ್ಷದ ಚಳಿಗಾಲದಲ್ಲಿ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಳಿತಿದ್ದವರಿಗೆ ಅವನು ಇದನ್ನು ಹೇಳಿದ. ಅರ್ಧ ತಾನೇ ಕಂಡದ್ದು, ಇನ್ನರ್ಧ ಈ ಕತೆಯ ಹೆಂಗಸರ ಬಾಯಿಂದಲೇ ಕೇಳಿದ್ದು. ಅವನು ಹೇಳಿದ ಕ್ರಮದಲ್ಲಿಯೇ ಅದು ಇಲ್ಲಿದೆ.

"ಅದು ಕೊಡೋದಲ್ಲ."

ಬಾಗಿಲಲ್ಲಿ ನಿಲುವಂಗಿ ಕೊಡುವವನ ಬಾಯಿಂದ, ಚಿಕ್ಕಮ್ಮನ ಜೊತೆ ಪ್ರವಾಸ ಬಂದಿದ್ದ ಅವಳು ಕೇಳಿದ ಮೊದಲ ಮಾತು ಇದು.

ದೊಡ್ಡ ಬಾಗಿಲನ್ನು ದಾಟಿದ ಕೂಡಲೇ ಎಡಕ್ಕೆ ಒಂದು ಉದ್ದನೆಯ ಮರದ ಕಟ್ಟೆ. ಮಸೀದಿ ನೋಡಲು ಬರುವ ಪ್ರವಾಸಿ ಹೆಂಗಸರಿಗೆ ಅಲ್ಲಿ ತಲೆಯಿಂದ ಹಿಮ್ಮಡಿಯವರೆಗೆ ಮುಚ್ಚುವ ಬೂದು ಬಣ್ಣದ ನಿಲುವಂಗಿಗಳನ್ನು ಎರವಲು ಕೊಡುತ್ತಿದ್ದರು. ಹೊರಬರುವಾಗ ಅದನ್ನು ಬುಟ್ಟಿಗೆ ಹಾಕಿ ಹೋಗಬೇಕು. ಆ ದಿನ ಜನ ಕಿಕ್ಕಿರಿದಿದ್ದರು. ಕಟ್ಟೆಯ ಮೇಲಿದ್ದ ಕೊನೆಯ ನಿಲುವಂಗಿ ಚಿಕ್ಕಮ್ಮನ ಪಾಲಾಯಿತು. ಪ್ರವಾಸಿಗರ ಗುಂಪು ಮಾರ್ಗದರ್ಶಿಯ ಹಿಂದೆ ಒಳಗೆ ಸರಿದುಹೋಯಿತು. ಗಿಡ್ಡ ತೋಳಿನ ಉಡುಪಿನಲ್ಲಿ, ತಣ್ಣನೆಯ ಕಲ್ಲಿನ ಮೇಲೆ, ಬರಿಗಾಲಲ್ಲಿ ಅವಳೊಬ್ಬಳೇ ನಿಂತುಬಿಟ್ಟಳು.

ಕಟ್ಟೆಯ ಹಿಂದಿನ ಗೂಟಕ್ಕೆ ಒಂದೇ ಒಂದು ನಿಲುವಂಗಿ ತೂಗುತ್ತಿತ್ತು. ಅವಳು ಬೆರಳು ತೋರಿಸಿದ್ದು ಅದಕ್ಕೆ.

"ಯಾಕೆ ಕೊಡೋದಲ್ಲ? ಯಾರಿಗಾದರೂ ಎತ್ತಿಟ್ಟಿದ್ದೀರಾ?"

ನಿಲುವಂಗಿ ಕೊಡುವವನು ಗೂಟದ ಕಡೆ ತಿರುಗಿದ. ಕಿವಿಯ ಬಳಿ ಕೂದಲು ಆಗಲೇ ನರೆತಿತ್ತು. ಮುಖಕ್ಕೆ ಅಷ್ಟು ವಯಸ್ಸಾಗಿರಲಿಲ್ಲ.

"ಹರಿದಿದೆ," ಅಂದ.

"ಹರಿದ ಬಟ್ಟೆ ನನಗೇನು ಹೊಸದಲ್ಲ ಬಿಡಿ. ನನ್ನ ಹೊಟ್ಟೆ ತುಂಬೋದೇ ಅದರಿಂದ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಒಳಗಿನಿಂದ ಚಿಕ್ಕಮ್ಮ ಕೈಬೀಸಿ ಕರೆಯುತ್ತಿದ್ದಳು. ಇವಳ ಕಾಲಬೆರಳುಗಳು ಚಳಿಗೆ ಮುದುಡಿದ್ದವು.

"ನೋಡೋಕೆ ಬಂದವರನ್ನ ಬಾಗಿಲಲ್ಲೇ ನಿಲ್ಲಿಸಬಾರದು," ಎಂದು ತನಗೆ ತಾನೇ ಹೇಳಿಕೊಂಡ. ತುಂಬಿದ ಕೊಡವನ್ನು ಇಳಿಸುವವನಂತೆ ಎರಡೂ ಕೈಯಿಂದ ನಿಲುವಂಗಿಯನ್ನು ಗೂಟದಿಂದ ಇಳಿಸಿ ಕೊಟ್ಟ. "ಜೋಪಾನ."

ಅಷ್ಟೇ ಮಾತು. ಆದರೂ ಯಾಕೋ... ಅಂಗಳ ದಾಟುವಾಗ ಅವಳು ಒಮ್ಮೆ ತಿರುಗಿ ನೋಡಿದಳು. ಅವನು ಬರಿದಾದ ಗೂಟವನ್ನೇ ನೋಡುತ್ತ ನಿಂತಿದ್ದ.

ಅವಳ ಕಸುಬು ರಫು. ಹರಿದ ಬಟ್ಟೆಯ ಎಳೆಗಳ ನಡುವೆ ಅದೇ ಬಟ್ಟೆಯ ಎಳೆಯನ್ನು ನೇಯ್ದು, ಹರಿದಿತ್ತು ಎಂಬ ಗುರುತೇ ಉಳಿಯದಂತೆ ಕೂಡಿಸುವ ಕೆಲಸ. ಕಲಿಸಿದವನು ಅಪ್ಪ. ಅಂಗಡಿಯ ಮೂಲೆಯಲ್ಲಿ ಕುಳಿತು ಎಳೆ ಹೆಕ್ಕುತ್ತಿದ್ದ ಮಗಳಿಗೆ 'ಗುಬ್ಬಿ' ಎಂದು ಹೆಸರಿಟ್ಟವನೂ ಅವನೇ. ಆ ವರ್ಷ ಅಪ್ಪ ತೀರಿಕೊಂಡ. ಗುಬ್ಬಿ ಊಟ, ನಿದ್ದೆ ಬಿಟ್ಟು ಊರವರ ಬಟ್ಟೆಯ ಮೇಲೆ ಬಾಗಿದವಳು ತಲೆಯೆತ್ತಲೇ ಇಲ್ಲ. ನೋಡಲಾರದೆ ಚಿಕ್ಕಮ್ಮ ಅವಳನ್ನು ಎಬ್ಬಿಸಿ ಈ ಪ್ರವಾಸಕ್ಕೆ ಹೊರಡಿಸಿದ್ದಳು.

ಮಸೀದಿಯ ಒಳಗೆ ಕಂಬದ ಹಿಂದೆ ಕಂಬ, ಕಮಾನಿನ ಹಿಂದೆ ಕಮಾನು. ಎತ್ತರದ ಕಿಟಕಿಗಳಿಂದ ಇಳಿದ ಬೆಳಕು ಜಮಖಾನದ ಮೇಲೆ ಚದುರಿತ್ತು. ಅಷ್ಟು ಜನರಿದ್ದರೂ ಹೆಜ್ಜೆಯ ಸದ್ದಿಲ್ಲ. ಎಷ್ಟೋ ತಲೆಮಾರು ಹಣೆಯೂರಿದ ಜಾಗ ಅದು. ಬಹಳ ದಿನಗಳ ನಂತರ ಗುಬ್ಬಿಗೆ ಎದೆಯೊಳಗಿನ ಗದ್ದಲ ನಿಂತಂತೆ ಅನ್ನಿಸಿತು.

ಕಾಲುನೋವೆಂದು ಚಿಕ್ಕಮ್ಮ ಮರದ ಜಾಲಂಧ್ರದ ಹಿಂದೆ, ಹೆಂಗಸರ ಭಾಗದಲ್ಲಿ ಕುಳಿತುಬಿಟ್ಟಳು. ಗುಬ್ಬಿಯೂ ಕುಳಿತಳು. ಕುಳಿತವಳ ಕೈ ತಾನಾಗಿ ಎಡ ಪಕ್ಕೆಗೆ ಹೋಯಿತು. ಹರಿದದ್ದು ಅಲ್ಲಿ. ಮೊಳೆಗೋ ಚಿಲಕಕ್ಕೋ ಸಿಕ್ಕಿ ಸೀಳಿದ್ದು; ಅಂಚಿನ ಎಳೆಗಳು ಒಣಗಿ ಸುರುಳಿ ಸುತ್ತಿದ್ದವು.

ಹರಿದದ್ದನ್ನು ಕಂಡೂ ಬಿಟ್ಟು ಏಳುವುದು ಅವಳಿಂದ ಆಗದ ಕೆಲಸ. ಪಕ್ಕೆಯ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು. ಕೈಚೀಲದಿಂದ ಸೂಜಿ ತೆಗೆದಳು. ದಾರಕ್ಕಾಗಿ ನಿಲುವಂಗಿಯ ಕೆಳಅಂಚಿನ ಮಡಿಕೆಯಿಂದಲೇ ಎಳೆ ಸೆಳೆದಳು.

"ದೇವರ ಮನೆಗೆ ಬಂದೂ ಅಂಗಡಿ ತೆಗೆದೆಯಲ್ಲೇ ಗುಬ್ಬಿ," ಎಂದಳು ಚಿಕ್ಕಮ್ಮ. "ನಿನ್ನನ್ನ ಸ್ವರ್ಗಕ್ಕೆ ಕಳಿಸಿದರೂ ಅಲ್ಲಿನ ಮೋಡಕ್ಕೆ ತೇಪೆ ಹಾಕ್ತಾ ಕೂರ್ತೀಯ."

"ಪಾಪ, ಹೊಲಿದುಕೊಡೋರು ಯಾರೂ ಇಲ್ಲ ಅನ್ಸುತ್ತೆ ಚಿಕ್ಕಮ್ಮ ಅವರಿಗೆ."

"ಯಾರಿಗೆ?"

ಗುಬ್ಬಿ ಸೂಜಿಯ ಮೇಲೆ ಇನ್ನಷ್ಟು ಬಾಗಿದಳು. ಕೈ ಚುರುಕಾಯಿತು. ಇದನ್ನು ನೋಡಿದಾಗ ಆ ಮುಖದಲ್ಲಿ ಒಂದು ನಗು ಬರಬಹುದೇ...? ಹಾಗೆ ಅಂದುಕೊಂಡದ್ದಕ್ಕೆ ತಾನೇ ನಾಚಿದಳು.

ನಿಲುವಂಗಿಯನ್ನು ಅವನ ಕೈಗೇ ಕೊಡಬೇಕೆಂದಿದ್ದಳು. ಆದರೆ ಹೊರಬರುವ ಹೊತ್ತಿಗೆ ಕಟ್ಟೆಯ ಮುಂದೆ ನೂಕುನುಗ್ಗಲು. ಬಸ್ಸು ಹೊರಡುತ್ತದೆಂದು ಮಾರ್ಗದರ್ಶಿ ಕೂಗುತ್ತಿದ್ದ. ನಿಲುವಂಗಿ ಉಳಿದವುಗಳ ಜೊತೆ ಬುಟ್ಟಿಗೆ ಬಿತ್ತು.

ಮರುದಿನ ಬೆಳಿಗ್ಗೆ ಅವರು ಇಳಿದುಕೊಂಡಿದ್ದ ವಸತಿಗೃಹದ ಬಾಗಿಲಲ್ಲಿ ಅವನು ನಿಂತಿದ್ದ. ಮಾರ್ಗದರ್ಶಿಯನ್ನು ವಿಚಾರಿಸಿಕೊಂಡು ಬಂದಿದ್ದ. ಕಣ್ಣು ಕೆಂಪಗಿದ್ದವು.

"ನಿನ್ನೆ ಕೊಟ್ಟ ನಿಲುವಂಗಿ... ತಪ್ಪಿ ನಿಮ್ಮ ಸಾಮಾನಿನ ಜೊತೆ ಬಂದಿದೆಯೇನೋ."

ಗುಬ್ಬಿಗೆ ಕಪಾಳಕ್ಕೆ ಹೊಡೆದಂತಾಯಿತು. "ಕದ್ದೆ ಅಂತೀರಾ?"

"ಹಾಗಲ್ಲ. ಎಲ್ಲಾ ನೋಡಿದೆ. ಹರಿದಿದ್ದು ಒಂದೂ ಇಲ್ಲ."

"ಹೇಗಿರುತ್ತೆ? ನಾನು ರಫು ಮಾಡಿ ಬುಟ್ಟಿಗೆ ಹಾಕಿದೀನಲ್ಲ."

ಅವನ ಮುಖದ ಬಣ್ಣ ಇಳಿಯುವುದನ್ನು ಅವಳು ಕಣ್ಣಾರೆ ಕಂಡಳು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಹೊಲೀರಿ ಅಂತ ಯಾರು ಕೇಳಿದ್ರು ನಿಮ್ಮನ್ನ?"

ಧ್ವನಿ ಏರಿರಲಿಲ್ಲ. ಅದಕ್ಕೇ ಅದು ಇನ್ನೂ ಆಳಕ್ಕೆ ನಾಟಿತು.

"ಯಾರೂ ಕೇಳಲಿಲ್ಲ," ಎಂದಳು ಗುಬ್ಬಿ. "ನನ್ನದೇ ತಪ್ಪು. ಹೋಗಿ ಬನ್ನಿ." ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು. ಒಂದು ಹರಕು ಬಟ್ಟೆಗೆ ಇಷ್ಟು ಮಾತೇ? ಇಂಥವನಿಗಾಗಿ ನಾನು ಬೆರಳು ಚುಚ್ಚಿಕೊಂಡೆನೇ...?

ಅವನು ಯಾಕೆ ಹಾಗಂದ ಎಂಬುದು ತಿಳಿದದ್ದು ಚಿಕ್ಕಮ್ಮನ ಚಪ್ಪಲಿಯಿಂದ. ಗಡಿಬಿಡಿಯಲ್ಲಿ ಅವಳು ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಅದನ್ನು ಬದಲಿಸಲು ಮಸೀದಿಗೆ ಹೋದವಳು ತಿರುಗಿ ಬಂದು ಮಂಚದ ಮೇಲೆ ಕುಳಿತಳು.

"ಚಪ್ಪಲಿ ಕಾಯೋ ಅಜ್ಜ ಎಲ್ಲ ಹೇಳಿದ. ಆ ನಿಲುವಂಗಿ, ಬೆಳಿಗ್ಗೆ ಬಂದಿದ್ದನಲ್ಲ, ಅವನ ಹೆಂಡತೀದಂತೆ ಗುಬ್ಬಿ."

ಗುಬ್ಬಿ ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

"ಅಲ್ಲಿರೋ ನಿಲುವಂಗಿ ಎಲ್ಲಾ ಹೊಲಿದವಳು ಅವಳೇ. ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ. ಒಂದನ್ನ ತಾನೂ ಹಾಕ್ಕೊಂಡು, ಬಂದ ಹೆಂಗಸರಿಗೆ ಒಳಗೆ ತೋರಿಸ್ತಿದ್ದಳಂತೆ. ಒಂದು ದಿನ ಬಾಗಿಲ ಚಿಲಕಕ್ಕೆ ಸಿಕ್ಕಿ ಹರೀತಂತೆ. 'ನಾಳೆ ಹೊಲೀತೀನಿ' ಅಂತ ಗೂಟಕ್ಕೆ ಹಾಕಿ ಮನೆಗೆ ಹೋದಳು. ಅವತ್ತೇ ಎದೆನೋವು. ಆಸ್ಪತ್ರೆಯಿಂದ ಬರಲೇ ಇಲ್ಲ. ಅವನು ಅದನ್ನ ಹಾಗೇ ಬಿಟ್ಟಿದ್ದ."

ಗುಬ್ಬಿಯ ಕಣ್ಣೆದುರು ಬಂದದ್ದು ಅಪ್ಪನ ಕೋಟು. ಮೊಣಕೈಯಲ್ಲಿ ಸವೆದಿದ್ದ ಅದನ್ನು, ಅಪ್ಪ ತೀರಿಕೊಂಡ ವಾರದಲ್ಲೇ, ಅಳು ನುಂಗಿಕೊಂಡು ಅವಳು ರಫು ಮಾಡಿಟ್ಟಿದ್ದಳು. ಅಪ್ಪ ಮೇಜಿಗೆ ಊರುತ್ತಿದ್ದ ಮೊಣಕೈಯ ಸವಕಲು ಅದು. ಈಗ ಆ ಕೋಟು ಯಾರದ್ದಾದರೂ ಆಗಬಹುದು. ಅದನ್ನು ಮುಟ್ಟಿದಾಗಲೆಲ್ಲ ಏನನ್ನು ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಅಂದಿನವರೆಗೂ ತಿಳಿದಿರಲಿಲ್ಲ.

"ನಾಳೆ ಬೆಳಿಗ್ಗೆ ರೈಲು," ಎಂದಳು ಚಿಕ್ಕಮ್ಮ ಮೆಲ್ಲನೆ.

"ಇವತ್ತಿನ್ನೂ ಮುಗಿದಿಲ್ಲವಲ್ಲ ಚಿಕ್ಕಮ್ಮ." ಗುಬ್ಬಿ ಚಪ್ಪಲಿ ಮೆಟ್ಟಿದಳು.

ಮಸೀದಿಯ ಹಿಂದಿನ ಅಂಗಳದಲ್ಲಿ ಹಗ್ಗದ ಮೇಲೆ ಒಗೆದ ನಿಲುವಂಗಿಗಳು ಸಾಲಾಗಿ ತೂಗುತ್ತಿದ್ದವು. ಎಲ್ಲವೂ ಬೂದು, ಎಲ್ಲವೂ ಒಂದೇ ಅಳತೆ. ನಡುವೆ ಅವನು ನಿಂತಿದ್ದ. ಒಂದೊಂದರ ಪಕ್ಕೆಯನ್ನೂ ಬೆಳಕಿಗೆ ಹಿಡಿದು ನೋಡಿ, ಬಿಡುತ್ತಿದ್ದ.

"ಹಾಗೆ ಸಿಗಲ್ಲ," ಎಂದಳು ಗುಬ್ಬಿ.

ಅವನು ತಿರುಗಿದ. ಕೋಪವಿರಲಿಲ್ಲ. ಬರೀ ದಣಿವು.

"ನಿಮಗಾದರೂ ಗೊತ್ತಾಗುತ್ತಾ?"

"ಕಣ್ಣಿಗೆ ಗೊತ್ತಾಗಲ್ಲ. ಗೊತ್ತಾಗಬಾರದು ಅಂತಲೇ ಅಲ್ವಾ ಮಾಡಿದ್ದು..." ಅವಳ ದನಿ ಒಡೆಯಿತು. "ಎಳೆ ತೆಗೆದದ್ದು ಕೆಳಗಿನ ಮಡಿಕೆಯಿಂದ. ಅಲ್ಲಿ ಬಟ್ಟೆ ತೆಳ್ಳಗಾಗಿರುತ್ತೆ. ಬೆರಳಿಗೆ ಸಿಗಬಹುದು."

ಅವಳು ಮಂಡಿಯೂರಿ ಮೊದಲ ನಿಲುವಂಗಿಯ ಅಂಚು ಹಿಡಿದಳು. ಕಣ್ಣು ಮುಚ್ಚಿದಳು. ಒಂದಾದ ಮೇಲೆ ಒಂದು. ಬಿಸಿಲು ಗೋಡೆ ಹತ್ತಿತು. ಅಜಾನ್ ಕೇಳಿಸಿ ಅವನು ಒಳಗೆ ಹೋದ; ಪ್ರಾರ್ಥನೆ ಮುಗಿಸಿ ಬಂದಾಗಲೂ ಅವಳು ಮಂಡಿಯ ಮೇಲೆಯೇ ಇದ್ದಳು. ಅವನು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟ.

ಕೊನೆಯ ಹಗ್ಗದ ಬಳಿ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದಿತು.

"ಇದು."

ಅವನು ಪಕ್ಕೆಯ ಮೇಲೆ ಅಂಗೈಯಿಟ್ಟ. ಅಲ್ಲಿ ಏನೂ ಇರಲಿಲ್ಲ. ಏನೂ ಆಗದ ಬಟ್ಟೆಯಂತೆ ಇತ್ತು.

ಗುಬ್ಬಿ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದಳು. "ಬಿಚ್ಚಿಕೊಡ್ತೀನಿ. ಒಂದೊಂದೇ ಎಳೆ."

"ಮೊದಲಿದ್ದ ಹಾಗೇ ಆಗುತ್ತಾ?"

ಹೌದೆನ್ನುವುದು ಎಷ್ಟು ಸುಲಭವಾಗಿತ್ತು. ಆದರೆ ಆ ಮುಖದ ಎದುರು ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ. ಅದು ನಾನು ಹರಿದ ಹಾಗಾಗುತ್ತೆ. ಅವರು ಹರಿದ ಹಾಗಲ್ಲ. ಕ್ಷಮಿಸಿ. ನಿಮ್ಮ ಹತ್ತಿರ ಉಳಿದಿದ್ದ ಒಂದು ಗುರುತನ್ನ ನಾನು ಅಳಿಸಿಬಿಟ್ಟೆ. ನಮ್ಮಪ್ಪನ ಕೋಟಿಗೂ ಹೀಗೇ ಮಾಡಿದೀನಿ. ಅದೂ ವಾಪಸ್ಸು ಬರಲ್ಲ."

ಅವನ ಅಂಗೈ ಇನ್ನೂ ಆ ಪಕ್ಕೆಯ ಮೇಲೆಯೇ ಇತ್ತು.

"ದಿನಾ ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಗೂಟ ನೋಡ್ತಿದ್ದೆ," ಎಂದ. "ಅವಳು ನಾಳೆ ಅಂದಿದ್ದಳಲ್ಲ. ಆ ನಾಳೆಯನ್ನ ನಾನೇ ತಡೆದು ನಿಲ್ಲಿಸಿದ್ದೆ ಅನ್ಸುತ್ತೆ. ಬಟ್ಟೆ ಹರಿದು ಬಿದ್ದಿರೋದು ಅವಳಿಗೆ ಆಗ್ತಿರಲಿಲ್ಲ. ನೋಡಿದ್ದರೆ ಬೈಯೋಳು... 'ಒಂದು ಸೂಜಿ ಹಿಡಿಯೋಕೆ ಬರಲ್ವಾ ನಿಮಗೆ' ಅಂತ."

ಅವನು ನಕ್ಕ, ನಗುತ್ತಲೇ ಕಣ್ಣು ತುಂಬಿಕೊಂಡ. ಆ ನಗುವನ್ನು ಹೀಗೆ ಕಾಣಬೇಕಾದೀತೆಂದು ಗುಬ್ಬಿ ಎಣಿಸಿರಲಿಲ್ಲ.

"ಕತ್ತರಿ ಒಳಗಿಡಿ. ಬಿಚ್ಚೋದು ಬೇಡ."

ಆಗ ಬಾಗಿಲ ಕಡೆಯಿಂದ ಚಪ್ಪಲಿ ಕಾಯುವ ಮುದುಕನ ಕೂಗು: "ಒಬ್ಬ ತಾಯಿ ಬಂದು ಕಾಯ್ತಿದ್ದಾಳಪ್ಪ, ಮಗಳ ಜೊತೆ. ಒಂದೇ ಇದೆ ಇಲ್ಲಿ, ಇನ್ನೊಂದು ಬೇಕು." ಅವನು ಆ ನಿಲುವಂಗಿಯನ್ನು ಹಗ್ಗದಿಂದ ತೆಗೆದ. ಒಂದು ಕ್ಷಣ ಎದೆಗೆ ಹಿಡಿದ. ಕಟ್ಟೆಗೆ ಹೋಗಿ, ಕಾದಿದ್ದ ಅಪರಿಚಿತ ಹೆಂಗಸಿನ ಕೈಗೆ ಅದನ್ನೇ ಕೊಟ್ಟ.

"ಒಳಗೆ ಹೋಗಿ ಬನ್ನಿ ಅಮ್ಮ," ಎಂದ.

ಹಿಂದೆ ಬಂದಿದ್ದ ಗುಬ್ಬಿ ಕಂಬಕ್ಕೆ ಒರಗಿ ನಿಂತಳು. ಅವಳಿಗೆ ಅಳು ತಡೆಯಲಾಗಲಿಲ್ಲ. ಅಪ್ಪ ಹೋದಾಗಿನಿಂದ ನುಂಗಿದ್ದೆಲ್ಲ ಅಲ್ಲಿ, ಆ ಕಲ್ಲಿನ ಮೇಲೆ ಹೊರಬಂದಿತು. ಅವನು ತಡೆಯಲಿಲ್ಲ, ದೂರವೂ ಸರಿಯಲಿಲ್ಲ.

ಅವಳು ಮುಖ ಒರೆಸಿಕೊಂಡ ಮೇಲೆ ಕೇಳಿದ: "ನಾಳೆ ಹೊರಡ್ತೀರಾ?"

"ಬೆಳಿಗ್ಗೆ."

"ನಿಲುವಂಗಿ ಎಲ್ಲಾ ಹಳೇದಾಗಿವೆ. ಒಂದೊಂದೇ ಹರಿಯೋಕೆ ಶುರುವಾಗುತ್ತೆ ಇನ್ನು."

"ಕೆಲಸಕ್ಕೆ ಕರೀತಿದ್ದೀರಾ?"

"ಇಲ್ಲ." ಅವನು ಕಟ್ಟೆಯ ಮೇಲಿನ ಇಲ್ಲದ ಧೂಳನ್ನು ಒರೆಸಿದ. "ಕೆಲಸಕ್ಕಲ್ಲ..."

ಗುಬ್ಬಿ ನೆಲ ನೋಡಿದಳು. "ನನಗೆ ಹೊತ್ತು ಬೇಕು. ನಿಮಗೂ ಬೇಕು."

"ಬೇಕು. ನಾನು ಇಲ್ಲೇ ಇರ್ತೀನಿ."

"ಊರಲ್ಲಿ ಅಪ್ಪನ ಅಂಗಡಿ ಇದೆ. ಅದನ್ನ ಮುಚ್ಚಿ ಬರೋಕೆ ನನಗೆ ಮನಸ್ಸಾಗಲ್ಲ."

"ಮುಚ್ಚಿ ಅಂತ ನಾನು ಹೇಳಲ್ಲ. ಆ ಅಂಗಡೀನ ಇಲ್ಲಿಗೇ ತನ್ನಿ."

ಮುದುಕ ಇಷ್ಟು ಹೇಳಿ ಸುಮ್ಮನಾದ. ಕೇಳುತ್ತಿದ್ದವರಲ್ಲಿ ಒಬ್ಬಳು ತಡೆಯಲಾರದೆ, "ಬಂದಳಾ ಅಜ್ಜಾ?" ಅಂದಳು.

ಮುದುಕ ಗಲ್ಲವನ್ನು ಬಾಗಿಲ ಕಡೆ ತಿರುಗಿಸಿದ. ಎಲ್ಲರೂ ಅತ್ತ ನೋಡಿದರು. ಕಟ್ಟೆಯ ಹಿಂದೆ, ದೀಪದ ಕೆಳಗೆ, ಗಂಡಹೆಂಡಿರಿಬ್ಬರು ಅಂದಿನ ನಿಲುವಂಗಿಗಳನ್ನು ಮಡಚುತ್ತಿದ್ದರು. ಆಕೆ ಬಟ್ಟೆಯ ಒಂದು ತುದಿಯನ್ನು ಅವನತ್ತ ಚಾಚಿದಳು.

"ಹಿಡ್ಕೊಳ್ಳಿ. ನಿನ್ನೆ ಥರ ಬಿಟ್ಟುಬಿಡಬೇಡಿ."

"ನಿನ್ನೆ ನೀನು ನಗಿಸಿದೆ, ಅದಕ್ಕೆ ಬಿಟ್ಟೆ."

"ಇವತ್ತು ನಗಿಸಲ್ಲ."

"ನಗಿಸು ಪರವಾಗಿಲ್ಲ," ಎಂದ ಅವನು. "ಬಿಡಲ್ಲ."

ಮೆಟ್ಟಿಲ ಮೇಲಿದ್ದವರು ಕಣ್ಣು ಬೇರೆಡೆ ತಿರುಗಿಸಿದರು. ಮಲಗಿದ್ದ ಮಗುವನ್ನು ಯಾರೋ ಹೆಗಲಿಗೆ ಹಾಕಿಕೊಂಡರು. ಒಬ್ಬೊಬ್ಬರಾಗಿ ಎದ್ದು, ತಮ್ಮ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹೆಚ್ಚು ಮಾತಿಲ್ಲದೆ ಮನೆಗೆ ಹೋದರು.