ಎದುರು ಲಾಂಡ್ರಿಯ ಸಾಹುಕಾರ

"ಈ ಗಂಟು ನಿಮ್ಮದಂತೆ. ನಮ್ಮ ವ್ಯಾನ್‌ನಲ್ಲಿ ತಪ್ಪಿ ಬಂದಿದೆ," ಎಂದು ಬೆಡ್‌ಶೀಟುಗಳನ್ನು ಕೌಂಟರಿನ ಮೇಲಿಟ್ಟವನನ್ನು ಅವಳು ಡ್ರೈವರ್ ಎಂದುಕೊಂಡಳು.

"ಎದುರು ಲಾಂಡ್ರಿಯವರಾ? ನಮ್ಮ ಗಿರಾಕಿಗಳನ್ನ ಎಳ್ಕೊಂಡಿದ್ದು ಸಾಲದಾ, ಈಗ ಬಟ್ಟೆನೂ ಬೇಕಾ ಅಂತ ನಿಮ್ಮ ಸಾಹುಕಾರರನ್ನ ಕೇಳಿ."

"ಕೇಳ್ತೀನಿ. ಅವರಿಗೆ ಆಸೆ ಸ್ವಲ್ಪ ಜಾಸ್ತಿನೇ."

ಅವನು ನಗು ತಡೆದುಕೊಂಡ ರೀತಿಯಿಂದಲೇ ಅವಳಿಗೆ ಅರ್ಥವಾಯಿತು, ಸಾಹುಕಾರ ಇವನೇ. ಅವಳ ಕಿವಿ ಬಿಸಿಯಾಯಿತು. ಇಸ್ತ್ರಿ ಮಾಡುತ್ತಿದ್ದ ಹೆಂಗಸರು ಮುಸಿಮುಸಿ ನಕ್ಕರು.

ಅವರೆಲ್ಲ ಜೈಲಿನಿಂದ ಹೊರಬಂದವರು. ಯಾರೂ ಕೆಲಸ ಕೊಡದ ಅವರಿಗಾಗಿಯೇ ಅವಳು ಲಾಂಡ್ರಿ ತೆರೆದಿದ್ದಳು.

ಆಮೇಲೆ ಅವನು ನೆಪ ಹುಡುಕಿಕೊಂಡು ಬರತೊಡಗಿದ. ಒಮ್ಮೆ ಸೋಪಿನ ಪುಡಿ ಸಾಲ, ಒಮ್ಮೆ ಸುಮ್ಮನೆ ಚಹಾ.

"ನಿಮ್ಮದು ಸೇವೆ, ನಮ್ಮದು ವ್ಯಾಪಾರ. ಅಲ್ವಾ ಮೇಡಂ?"

"ಲಾಭ ಇಲ್ದಿದ್ರೆ ನಾನೂ ಬಾಗಿಲು ಹಾಕ್ಬೇಕು. ಸೇವೆ ಅಂತ ಕರೆಂಟ್‌ನವರು ಬಿಡ್ತಾರಾ?"

"ಮತ್ತೆ ವ್ಯತ್ಯಾಸ ಏನು?"

"ನೀವು ಕೆಲಸಕ್ಕೆ ತಕ್ಕ ಜನ ಹುಡುಕ್ತೀರಿ. ನಾನು ಇರೋ ಜನಕ್ಕೆ ಕೆಲಸ ಹುಡುಕ್ತೀನಿ."

ಅವನು ಅವಳ ಹಣೆಗಂಟಿದ ನೂಲೆಳೆಯನ್ನು ತೆಗೆದ. ಬೆರಳು ಅಲ್ಲಿಯೇ ತುಸು ತಡೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರ ಮಾತಿನಲ್ಲೂ ಬಹುವಚನ ಬಿಟ್ಟುಹೋಗಿತ್ತು.

ಅವಳ ಲಾಂಡ್ರಿ ನಿಂತಿದ್ದು ಆಸ್ಪತ್ರೆಯೊಂದರ ಬಟ್ಟೆಯ ಮೇಲೆ. ಆ ಗುತ್ತಿಗೆ ಮುಗಿದು ಹೊಸ ಟೆಂಡರ್ ಕರೆದರು.

"ನಾನು ಹಾಕದೇ ಇರ್ಲಾ?" ಅವನು ಮೆಲ್ಲಗೆ ಕೇಳಿದ.

"ನೀನು ಬಿಟ್ಟುಕೊಟ್ಟಿದ್ದನ್ನ ನಾನು ತಗೊಳ್ಳಲ್ಲ. ಹಾಕು."

ಹಾಕಿದ. ಅವನಿಗೇ ಸಿಕ್ಕಿತು. ಮೋಸವೇನೂ ಇರಲಿಲ್ಲ. ಅವನ ಮೆಷಿನ್‌ಗಳು ದೊಡ್ಡವು, ದರ ಕಡಿಮೆ. ಅವಳ ಲಾಂಡ್ರಿ ಮುಚ್ಚಿತು.

ಅವನು ಅವಳ ಹೆಂಗಸರನ್ನು ಹೆಚ್ಚು ಸಂಬಳಕ್ಕೆ ಕರೆದುಕೊಂಡ. ಯಾರ ಹಿಂದಿನ ಕಥೆಯನ್ನೂ ಕೆದಕಲಿಲ್ಲ. ಅವರಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದವಳನ್ನು ಮಾತ್ರ ಬಿಟ್ಟ. ಅರ್ಧ ಆಯುಷ್ಯ ಜೈಲಿನಲ್ಲಿ ಕಳೆದ ಆ ಮುದುಕಿಯ ಕೈ ನಡುಗುತ್ತಿತ್ತು. ಒಂದು ದಿಂಬಿನ ಕವರ್ ಮಡಚುವಷ್ಟರಲ್ಲಿ ಉಳಿದವರು ರಾಶಿ ಮುಗಿಸುತ್ತಿದ್ದರು.

ಖಾಲಿ ಅಂಗಡಿಯಲ್ಲಿ ಅವನು ಅವಳ ಕೈ ಹಿಡಿದ. "ಮದುವೆಯಾಗೋಣ. ಇದನ್ನೆಲ್ಲ ಇಬ್ಬರೂ ಸೇರಿ ನೋಡ್ಕೊಳ್ಳೋಣ."

ಎಷ್ಟು ದಿನದಿಂದ ಕಾದಿದ್ದ ಮಾತು. ಆದರೂ ಅವಳ ಬಾಯಿಂದ ಬಂದದ್ದು, "ದೊಡ್ಡಮ್ಮ?"

"ತಿಂಗಳು ತಿಂಗಳು ದುಡ್ಡು ಕಳಿಸ್ತೀನಿ. ಮನೇಲಿ ಆರಾಮಾಗಿರಲಿ."

"ಅವಳಿಗೆ ಕೆಲಸ ಬೇಕು."

"ಮೆಷಿನ್ ಕಾಯಲ್ವಲ್ಲ. ಒಬ್ಬರಿಗೋಸ್ಕರ ಎಲ್ಲರ ಕೆಲಸ ನಿಲ್ಲಿಸಿದ್ರೆ ನಾಳೆ ಆಸ್ಪತ್ರೆ ನನ್ನೂ ಬಿಡುತ್ತೆ. ಆಗ ಎಲ್ಲರೂ ಬೀದಿಗೆ. ನಾನು ಹೇಳ್ತಿರೋದು ತಪ್ಪಾ?"

"ತಪ್ಪಲ್ಲ," ಎಂದಳು. "ಆದ್ರೆ ದಿನಾ ಬೆಳಿಗ್ಗೆ ಎದ್ದು ನಿನ್ನ ಜೊತೆ ಆ ಲೆಕ್ಕ ಹಾಕೋಕೆ ನನ್ನ ಕೈಲಾಗಲ್ಲ."

"ನನ್ನ ಮೇಲೆ ಪ್ರೀತಿ ಇಲ್ವಾ?"

"ಇದೆ."

ಅವಳೇ ಕೈ ಬಿಡಿಸಿಕೊಂಡಳು.

ಈಗ ಅವಳು ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ. ದೊಡ್ಡಮ್ಮನಿಗೆ ಕೆಲಸ ಕೇಳಿ ಎಷ್ಟೋ ಬಾಗಿಲು ತಟ್ಟಿದಳು, ಎಲ್ಲಿಯೂ ಗಿಟ್ಟಲಿಲ್ಲ. ಒಂದು ರಜೆಯ ದಿನ ಹಣ್ಣು ಹಿಡಿದು ಮುದುಕಿಯ ಕೋಣೆಗೆ ಹೋದಳು. ಮೂಲೆಯಲ್ಲಿ ಹೊಸ ಮಂಚ, ಹೊಸ ಫ್ಯಾನು.

"ಅವನು ಕಳಿಸೋ ದುಡ್ಡು ತಗೋತಿದ್ದೀನಿ ಮಗಳೇ," ದೊಡ್ಡಮ್ಮ ತಲೆ ತಗ್ಗಿಸಿದಳು. "ಹೊಟ್ಟೆ ಕೇಳ್ಬೇಕಲ್ಲ."

"ಒಳ್ಳೇದೇ ಆಯ್ತು ಬಿಡು ದೊಡ್ಡಮ್ಮ."

"ಆದ್ರೆ ಸುಮ್ನೆ ಕೂತು ತಿನ್ನೋದು... ಮತ್ತೆ ಒಳಗೆ ಹಾಕಿದ ಹಾಗಿದೆ ಕಣೆ." ತಲೆಯೆತ್ತಿ ಹೇಳಿದಳು, "ಅವನು ನನ್ನ ನೋಡೋಕೆ ಬಂದಾಗಲೆಲ್ಲ ನಿನ್ನ ವಿಚಾರ ಕೇಳ್ತಾನೆ. ಏನು ಹೇಳಲಿ?"

ಅವಳು ಹಣ್ಣಿನ ಸಿಪ್ಪೆ ಸುಲಿಯುತ್ತ ಕುಳಿತಳು. ಸುಲಿದದ್ದನ್ನು ದೊಡ್ಡಮ್ಮನ ಕೈಗಿಟ್ಟಳು.

"ಚೆನ್ನಾಗಿದ್ದಾಳೆ ಅನ್ನು," ಎಂದಳು ಕೊನೆಗೆ. "ಇನ್ನೇನು ಕೇಳಿದ್ರೂ ಗೊತ್ತಿಲ್ಲ ಅನ್ನು."