ಅಜ್ಜಿ ಬಾಯಿ ತೆರೆಯುವ ತನಕ

"ನಮ್ಮಜ್ಜಿ ಸಾಯ್ತಾರೆ ಅಂತ ನಿಮಗೆ ಯಾರ್ರೀ ಹೇಳಿದ್ದು?"

ಒಂಬತ್ತು ದಿನಗಳಲ್ಲಿ ಧನ್ಯಶ್ರೀ ಅವನೊಂದಿಗೆ ಆಡಿದ ಮೊದಲ ಮಾತು ಅದು!

ಸ್ಟಾಫ್ ನರ್ಸ್ ಕಾಂತೇಶ್ ಗಂಜಿಯ ಬಟ್ಟಲು ಹಿಡಿದು ಹಾಗೇ ನಿಂತುಬಿಟ್ಟ.

ತಿಪಟೂರಿನ ಆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ, ಡ್ರೆಸಿಂಗ್ ಬಿಚ್ಚುವಾಗ ಅವನು ತಾನೇ ಬರೆದ ಪದ್ಯ ಹೇಳುತ್ತಿದ್ದ. ರೋಗಿಗಳು ನೋವು ಮರೆಯಲಿ ಎಂದು. ಪರದೆಯ ಈಚೆ ಕುಳಿತ ಧನ್ಯಶ್ರೀ ಒಂದನ್ನೂ ಬಿಡದೆ ಡೈರಿಗೆ ಇಳಿಸಿಕೊಂಡಿದ್ದಳು. ತಲೆ ಎತ್ತಿ ಅವನನ್ನು ನೋಡುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆದರೆ ನಿನ್ನೆ... ಸೊಂಟದ ಮೂಳೆ ಆಪರೇಷನ್ ಆಗಿ ಮಲಗಿದ್ದ ಅಜ್ಜಿ ಚಿಕ್ಕಗಂಗಮ್ಮನಿಗೆ ಅವನು ಹೇಳಿದ್ದು ಇದು:

'ಒಣಗಿದ ತುಟಿಗೆ ಮೂರು ಹನಿ ಎಳನೀರು,
ಮೊಮ್ಮಗಳ ಕೈಯಿಂದ... ತಣ್ಣಗಾಗಲಿ ಜೀವ.'

ಆಗ ಬಿಗಿದ ಬಾಯಿಯನ್ನು ಅಜ್ಜಿ ತಿನ್ನಲು ಇನ್ನೂ ತೆರೆದಿರಲಿಲ್ಲ. ಗಂಜಿಯಿಲ್ಲ, ಮಾತ್ರೆಯಿಲ್ಲ. ಈಗಷ್ಟೇ ಮೊಮ್ಮಗಳ ಕಿವಿಯಲ್ಲಿ ಪಿಸುಗುಟ್ಟಿದ್ದರು, "ನನ್ ಕತೆ ಮುಗೀತು ಬುಡು. ಆ ಹುಡುಗನೇ ಹೇಳ್ದ."

"ನಮ್ಮನೇಲಿ ಜೀವ ಹೋಗೋರ ಬಾಯಿಗೆ ಎಳನೀರು ಬಿಡೋದು ಕಣ್ರೀ. ಮೊಮ್ಮಕ್ಕಳ ಕೈಲಿ, ಮೂರೇ ಹನಿ!" ಎಂದಳು ಧನ್ಯಶ್ರೀ.

ಕಾಂತೇಶನ ಮುಖ ಬಿಳುಚಿಕೊಂಡಿತು.

"ದೇವ್ರಾಣೆ ಗೊತ್ತಿರ್ಲಿಲ್ಲ! ನಮ್ದು ಅಮ್ಮಸಂದ್ರ, ಅಪ್ಪ ಫ್ಯಾಕ್ಟರಿ ಕೆಲಸ. ತೋಟ ಇಲ್ಲ, ತುಡಿಕೆ ಇಲ್ಲ. ತಂಪಾಗ್ಲಿ ಅಂತ ಬರ್ದೆ..."

ಸಂಜೆ ಐದರೊಳಗೆ ತಿನ್ನದಿದ್ದರೆ ಮೂಗಿಗೆ ನಳಿಕೆ ಹಾಕುವುದಾಗಿ ಡಾಕ್ಟರು ಹೇಳಿಹೋಗಿದ್ದರು. ಈಗ ನಾಲ್ಕೂ ನಲವತ್ತು. ನಳಿಕೆ ಕಂಡರಂತೂ ಅಜ್ಜಿ ತಾನು ಹೊರಟೆನೆಂದೇ ನಂಬಿಬಿಡುತ್ತಾರೆ!

"ನೀವೇ ಏನಾದ್ರೂ ಹೇಳಿ," ಎಂದ ಕಾಂತೇಶ್ ಮೆಲ್ಲಗೆ. "ನೀವು ಬರೀತೀರ. ನೋಡಿದೀನಿ."

ನೋಡಿದ್ದಾನೆ...! ಡಿಗ್ರಿ ಮುಗಿಯುವ ತನಕ ಹಾಜರಿಗೂ ಜೋರಾಗಿ ದನಿ ಎತ್ತದವಳು ತಾನು. ಇಲ್ಲಿ ಆರು ಮಂಚ, ಅಷ್ಟೂ ಜನ...

ಗಡಿಯಾರ ನೋಡಿದಳು. ಡೈರಿಯ ಕೊನೆಯ ಹಾಳೆ ಬಿಚ್ಚಿದಳು; ಅಲ್ಲಿದ್ದುದು ಅವಳೇ ಗೀಚಿದ ಪದ್ಯ.

"ಕೋತಿ ಹಿಂಡು ಬಂತು ತೆಂಗಿನ ತೋಟಕ್ಕೆ,
ಕಾಯೋ ಅಜ್ಜಿ ಮಲಗವ್ಳೆ ಅಂತ ತಿಳಿದು..."

ದನಿ ಉಡುಗಿತು.

"ಜೋರಾಗ್ ಓದವ್ವ, ಕೋತಿಗೂ ಕೇಳ್ಬೇಕು!" ಎಂದರು ಪಕ್ಕದ ಮಂಚದ ಮಂಜಮ್ಮ. ವಾರ್ಡೇ ನಕ್ಕಿತು.

"ಬೇಲಿ ಮೇಲೆ ಕುಂತ್ಕೊಂಡು ಹಲ್ಲು ಕಿರಿದು!"

ಅಜ್ಜಿ ಒಂದು ಕಣ್ಣು ತೆರೆದರು. "ಯಾವ್ ಬೇಲಿ?"

"ಬಾವಿ ಕಡೇದು, ಅಜ್ಜಿ."

"ನಿಮ್ಮಪ್ಪ ಏನ್ ಕತ್ತೆ ಕಾಯ್ತವ್ನಾ? ಮುಂಡೇವು... ಇರು, ನಾನೇ ಎದ್ದು ಬತ್ತೀನಿ!"

ಬೈಯಲು ತೆರೆದ ಬಾಯಿಗೆ ಕಾಂತೇಶ್ ಚಮಚ ಇಟ್ಟ.

ಅಜ್ಜಿ ನುಂಗಿದರು. "ಉಪ್ಪೇ ಇಲ್ವಲ್ಲ ಕಣಪ್ಪ!"

ಧನ್ಯಶ್ರೀ ಹೊರಗೋಡಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸಪ್ಪಳ.

"ಬಟ್ಟಲು ಖಾಲಿ," ಎಂದ ಕಾಂತೇಶ್. "ಇನ್ಮೇಲೆ ನಾನು ಪದ್ಯ ಹೇಳಲ್ಲ."

"ನಾನು ಹೇಳ್ಬೇಡಿ ಅಂದೆನಾ? ಮೊದ್ಲು... ನನಗೊಂದ್ಸಲ ತೋರ್ಸಿ."

"ಎಷ್ಟು ದಿನ ತೋರ್ಸಲಿ? ನಾಡಿದ್ದು ಡಿಸ್ಚಾರ್ಜ್ ಅಲ್ವಾ..."

ಅವನ ದನಿಯಲ್ಲಿದ್ದ ದಿಗಿಲು ಅವಳಿಗೆ ಗುರುತಾಯಿತು. ತನ್ನೊಳಗಿದ್ದದ್ದೂ ಅದೇ!

ಮೊದಲ ಬಾರಿಗೆ ತಲೆ ಎತ್ತಿ ಅವನ ಕಣ್ಣು ನೋಡಿದಳು.

"ಡಿಸ್ಚಾರ್ಜ್ ಆಗೋದು ಅಜ್ಜಿಗೆ ಕಣ್ರೀ... ನನಗಲ್ಲ."